ಲಿಂಗತ್ವ ಅಲ್ಪಸಂಖ್ಯಾತ ನೌಕರರು ಮತ್ತು ಉದ್ಯಮಿಯ ಹೊಣೆ

ಲಿಂಗತ್ವ ಅಲ್ಪಸಂಖ್ಯಾತರು ಹಾಗೂ ಅವರ ಹಿತೈಷಿಗಳ ಸಮಾವೇಶಕ್ಕೆ ಆಹ್ವಾನ ಬಂದರೆ ಅದನ್ನು ದೇಣಿಗೆಯ ಕೋರಿಕೆಯೆಂದೇ ಭಾವಿಸುವ ವರ್ತಕರುಂಟು. ಆದರೆ ಉದ್ಯಮಿಯು ಅಲ್ಲಿ ಅರಿಯಬೇಕಾದುದು ತನ್ನ ಕಾನೂನುಬದ್ಧ ಹೊಣೆಯನ್ನು.

2020ರ ಜನವರಿ 10ರಂದು ಜಾರಿಗೆ ಬಂದ 2019ರ ಹಕ್ಕುಗಳ ಸಂರಕ್ಷಣಾ ಅಧಿನಿಯಮದ 9ನೇ ಕಲಮಿನಂತೆ ನೇಮಕಾತಿ, ಬಡ್ತಿ ಮೊದಲಾದವುಗಳಲ್ಲಿ ಈ ವರ್ಗದವರ ವಿರುದ್ಧ ತಾರತಮ್ಯ ಸಲ್ಲದು. 11ನೇ ಕಲಮಿನಂತೆ ಪ್ರತಿ ಸಂಸ್ಥೆಯೂ ಓರ್ವ ದೂರು ಅಧಿಕಾರಿಯನ್ನು ಗೊತ್ತುಪಡಿಸತಕ್ಕದ್ದು. ಕಂಪನಿ, ಪಾಲುದಾರಿಕೆ ಸಂಸ್ಥೆ, ಸಹಕಾರ ಸಂಘಗಳೆಲ್ಲವೂ ಇದರ ವ್ಯಾಪ್ತಿಗೆ ಸೇರುತ್ತವೆ. ಈ ಕಲಮು ನೌಕರರ ಕನಿಷ್ಠ ಸಂಖ್ಯೆಯನ್ನು ಹೇಳುವುದಿಲ್ಲ. ಆದುದರಿಂದ ಕಲಬುರಗಿಯ ಬೇಳೆ ಗಿರಣಿಗಾಗಲಿ, ಕುಸನೂರಿನ ಪಾಲುದಾರಿಕೆಯ ಅಂಗಡಿಗಾಗಲಿ ವಿನಾಯಿತಿ ಇಲ್ಲ.

2020ರ ನಿಯಮಗಳ ಪ್ರಕಾರ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು. ದೂರು ಬಂದ 15 ದಿನಗಳೊಳಗೆ ವಿಚಾರಣೆ ನಡೆಯಬೇಕು. ನೌಕರರ ಲಿಂಗತ್ವದ ಗುರುತನ್ನು ಗೋಪ್ಯವಾಗಿಡಬೇಕು. ಇವನ್ನು ಕಡೆಗಣಿಸಲಾಗುತ್ತಿರುವುದನ್ನು ಸರ್ವೋಚ್ಚ ನ್ಯಾಯಾಲಯವು 2025ರ ಅಕ್ಟೋಬರ್ 17ರ ತೀರ್ಪಿನಲ್ಲಿ ಗಂಭೀರವಾಗಿ ಪರಿಗಣಿಸಿದೆ.

ರಾಜ್ಯ ಸರ್ಕಾರವು 2021ರಲ್ಲಿಯೇ ತನ್ನ ನೇರ ನೇಮಕಾತಿಗಳಲ್ಲಿ ಶೇ. 1ರ ಮೀಸಲಾತಿ ನೀಡಿತು. ಪ್ಯಾನ್ ಅರ್ಜಿಯಲ್ಲಿಯೂ 2018ರಿಂದ ಪ್ರತ್ಯೇಕ ಅಂಕಣವಿದೆ. ಹೀಗಿರುವಾಗ ಅರ್ಹ ಅಭ್ಯರ್ಥಿಯನ್ನು ಬಾಗಿಲಿನಿಂದಲೇ ಹಿಂದಿರುಗಿಸಿದರೆ ಅವರಿಗೆ ಜೀವನೋಪಾಯ ತಪ್ಪುತ್ತದೆ, ಸಂಸ್ಥೆಗೆ ದುಡಿಯುವ ಕೈ ತಪ್ಪುತ್ತದೆ. ಬೇಕಾದುದು ಗೋಡೆಯ ಮೇಲೊಂದು ನೀತಿಪತ್ರ, ಹೊಣೆಗಾರನಾದ ಓರ್ವ ಅಧಿಕಾರಿ, ದೂರುಗಳಿಗೊಂದು ದಾಖಲೆ ಪುಸ್ತಕ. ಇವುಗಳ ವೆಚ್ಚ ಅತ್ಯಲ್ಪ.