ಮೈಯ ಆರೈಕೆಯೂ ಮನೆಯ ಕಸವೂ

ಮಳೆಗಾಲವು ಹಿಂದೆಗೆದು ಕಡಲು ತಿಳಿಯಾಗುವ ಹೊತ್ತಿಗೆ ಕಾರವಾರದ ಠಾಗೋರ್ ಕಡಲತೀರದಲ್ಲಿ ಬೆಳಗಿನಲ್ಲಿ ತಿರುಗಾಡಿದವರಿಗೆ ನಾನು ಹೇಳುವ ನೋಟವು ಹೊಸತಲ್ಲ. ಕಾಳೀನದಿಯು ತಾನು ಹೊತ್ತು ತಂದುದನ್ನೆಲ್ಲ ಕೋಡಿಬಾಗದ ಅಳಿವೆಯಲ್ಲಿ ಸಮುದ್ರಕ್ಕೆ ಒಪ್ಪಿಸುವುದು. ಸಮುದ್ರವಾದರೋ ತನಗೆ ಬೇಡವಾದುದನ್ನು ಮರಳಿ ನಮ್ಮ ಅಂಗಳಕ್ಕೆ ಎಸೆಯುವುದು. ಅದರಲ್ಲಿ ಬಲೆಯ ಚೂರುಗಳಿರುವಂತೆಯೇ ಶಾಂಪೂವಿನ ಚಿಕ್ಕ ಪೊಟ್ಟಣ, ಸವೆದ ಹಲ್ಲಿನ ಬ್ರಶ್ಶು, ಕ್ಷೌರದ ಪ್ಲಾಸ್ಟಿಕ್ ಹಿಡಿ, ಮತ್ತು ಹೆಸರಿಸಲು ನಾವು ಸಂಕೋಚಪಡುವ ಇನ್ನೊಂದು ವಸ್ತು, ಇವೂ ಇರುವುವು. ಇವು ಮೀನುಗಾರರ ದೋಣಿಯಿಂದ ಬಿದ್ದವಲ್ಲ. ಗೃಹಸ್ಥರ ಬಚ್ಚಲಮನೆಯಿಂದ ಹೊರಟವು. ಅಳಿವೆಯಾಚೆಯ ದೇವಬಾಗ, ಮಾಜಾಳಿಗಳ ಮರಳಿಗೆ ಕಡಲಾಮೆಗಳು ಮೊಟ್ಟೆಯಿಡಲು ಬರುವುವೆಂಬುದನ್ನು ನೆನೆದಾಗ ನಮ್ಮ ಶೃಂಗಾರದ ಕಸವು ಯಾರ ಬಾಣಂತಿಕೋಣೆಯಲ್ಲಿ ಬಿದ್ದಿದೆಯೆಂಬುದು ತಿಳಿಯುವುದು.

ನನ್ನ ತೌರೂರಾದ ಅಂಕೋಲೆಯಲ್ಲಿ ನಾವು ಚಿಕ್ಕವರಿದ್ದಾಗ ತಲೆಗೆ ಸೀಗೆಕಾಯಿ, ಅಂಟುವಾಳ, ದಾಸವಾಳದ ಎಲೆಯ ಲೋಳೆ ಇವಿಷ್ಟೇ ಗೊತ್ತು. ಮೈ ತಿಕ್ಕಲು ಬೇಲಿಯ ಮೇಲೆ ಬಲಿತು ಒಣಗಿದ ಹೀರೆಯ ನಾರು. ಒಂದೊಂದು ರೂಪಾಯಿಯ ಶಾಂಪೂ ಪೊಟ್ಟಣವು ೧೯೮೦ರ ದಶಕದಲ್ಲಿ ದಕ್ಷಿಣ ದೇಶದ ಹಳ್ಳಿಗಳಿಗೆಲ್ಲ ಹಬ್ಬಿತು. ಬಡವರಿಗೂ ಎಟುಕಿದ ವಸ್ತುವೆಂದು ಅದನ್ನು ಹೊಗಳಿದವರುಂಟು, ಅದೂ ಸುಳ್ಳಲ್ಲ. ಆದರೆ ಹಲವು ಪದರುಗಳನ್ನು ಬೆಸೆದು ಮಾಡಿದ ಆ ಪೊಟ್ಟಣವನ್ನು ಬಿಡಿಸಿ ಮತ್ತೆ ಉಪಯೋಗಕ್ಕೆ ತರುವುದು ಕಷ್ಟವಾದುದರಿಂದ ಗುಜರಿಯವನೂ ಅದನ್ನು ಮುಟ್ಟುವುದಿಲ್ಲ. ೨೦೨೨ನೆಯ ಜುಲೈ ೧ರಿಂದ ಭಾರತ ಸರಕಾರವು ಒಮ್ಮೆ ಬಳಸಿ ಎಸೆಯುವ ಕೆಲವು ಪ್ಲಾಸ್ಟಿಕ್ ವಸ್ತುಗಳನ್ನು ನಿಷೇಧಿಸಿದಾಗ ಕಿವಿಯ ಪ್ಲಾಸ್ಟಿಕ್ ಕಡ್ಡಿಯು ಪಟ್ಟಿಯಲ್ಲಿ ಸೇರಿತು, ಶಾಂಪೂ ಪೊಟ್ಟಣವು ಸೇರಲಿಲ್ಲ. ಆದುದರಿಂದ ಆ ನಿಷೇಧವನ್ನು ಮನೆಯವರೇ ಮಾಡಿಕೊಳ್ಳಬೇಕಾಗಿದೆ.

ಸೀಗೆಯಲ್ಲಿಯೂ ಅಂಟುವಾಳದಲ್ಲಿಯೂ ತಾನಾಗಿ ನೊರೆಗೊಡುವ ಸತ್ತ್ವವುಂಟು. ಶಾಂಪೂವಿನಷ್ಟು ನೊರೆ ಬಾರದೆಂದು ಮಕ್ಕಳು ಮುಖ ಸೊಟ್ಟಗೆ ಮಾಡುವರು. ನೊರೆ ಹೆಚ್ಚಿದಷ್ಟೂ ಕೊಳೆ ಹೆಚ್ಚು ಹೋಗುವುದೆಂಬುದು ಬರಿಯ ಭ್ರಮೆ. ಕಣ್ಣಿಗೆ ಬಿದ್ದರೆ ಉರಿಯುವುದು ಮಾತ್ರ ನಿಜ. ಇನ್ನು ಒಡೆದ ಹಿಮ್ಮಡಿಗೂ ತುಟಿಗೂ ನಮ್ಮ ಸೀಮೆಯ ಮುರುಗಲ ತುಪ್ಪಕ್ಕೆ ಸರಿಯಾದುದನ್ನು ನಾನು ಕಂಡಿಲ್ಲ. ಸಾರಿಗೂ ಪಾನಕಕ್ಕೂ ಸಿಪ್ಪೆಯನ್ನು ತೆಗೆದುಕೊಂಡ ಮೇಲೆ ಉಳಿಯುವ ಬೀಜವನ್ನು ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿದರೆ ಜಿಡ್ಡು ಮೇಲೆ ತೇಲುವುದು. ಅದನ್ನು ತೆಗೆದು ಆರಿಸಿದರೆ ಗಟ್ಟಿಯಾದ ಬಿಳಿಯ ಉಂಡೆ. ಹಳೆಯ ಕರಡಿಗೆಯಲ್ಲಿಟ್ಟರೆ ಬಹುಕಾಲ ಕೆಡದು. ಪಟ್ಟಣಗಳಲ್ಲಿ ಇದೇ ವಸ್ತುವು ಅಂದವಾದ ಸೀಸೆಯಲ್ಲಿ ಕುಳಿತು ದುಬಾರಿ ಬೆಲೆಗೆ ಮಾರಾಟವಾಗುತ್ತಿದೆ. ಅದಕ್ಕೆ ನಗಬೇಕೋ ಅಳಬೇಕೋ ತಿಳಿಯದು.

ಹಾಗೆಂದು ಹಳೆಯದೆಲ್ಲವೂ ಒಳ್ಳೆಯದೆಂದು ವಾದಿಸುವವಳು ನಾನಲ್ಲ. ಇದ್ದಲು, ಹರಳುಪ್ಪುಗಳಿಂದ ಒರಟಾಗಿ ಹಲ್ಲುಜ್ಜಿದರೆ ಹಲ್ಲಿನ ಮೇಲ್ಪದರ ಸವೆಯುವುದು. ಬಿದಿರಿನ ಬ್ರಶ್ಶೆಂದು ಕೊಂಡುದರಲ್ಲಿಯೂ ಕೂದಲು ಬಹುಮಟ್ಟಿಗೆ ನೈಲಾನಿನದೇ. ಗಂಡಸರು ಉಕ್ಕಿನ ಹಿಡಿಯ ಹಳೆಯ ರೇಜರಿಗೆ ಹಿಂದಿರುಗಿದರೆ ತೆಳ್ಳನೆಯ ಅಲಗೊಂದೇ ಕಸವಾಗುವುದು. ಮನೆಯಲ್ಲಿ ಈಗಾಗಲೇ ಇರುವುದನ್ನು ಎಸೆದು 'ಪರಿಸರಸ್ನೇಹಿ'ಯೆಂಬ ಚೀಟಿ ಹಚ್ಚಿದುದನ್ನು ಕೊಳ್ಳುವುದಂತೂ ನನಗೆ ಮಿತವ್ಯಯವಾಗಿ ಕಾಣುವುದಿಲ್ಲ.

ಇವೆಲ್ಲ ಸುಲಭದ ಮಾತುಗಳು. ಮೇಲೆ ಸಂಕೋಚದಿಂದ ಬಿಟ್ಟುಬಿಟ್ಟ ವಸ್ತುವಿನ ಪ್ರಶ್ನೆಯೇ ಕಠಿನವಾದುದು. ಮನೆಯ ಯಜಮಾನರೂ ಇದನ್ನು ಓದಲಿ ಎಂಬುದು ನನ್ನ ಅಪೇಕ್ಷೆ.

ನಮ್ಮ ತಾಯಿಯ ಕಾಲದಲ್ಲಿ ತಿಂಗಳ ಆ ದಿನಗಳಿಗೆ ಹಳೆಯ ನೂಲಿನ ಸೀರೆಯ ತುಂಡೇ ಗತಿ. ಒಗೆದ ಬಟ್ಟೆಯನ್ನು ಗಂಡಸರ ಕಣ್ಣಿಗೆ ಬೀಳದಂತೆ ಕೊಟ್ಟಿಗೆಯ ಹಿಂದೆ, ಇನ್ನೊಂದು ಬಟ್ಟೆಯ ಕೆಳಗೆ ಹರವಬೇಕು. ಕಾರವಾರ ಅಂಕೋಲೆಗಳಲ್ಲಿ ವರ್ಷಕ್ಕೆ ಸುಮಾರು ೩೦೦೦ ಮಿಲಿಮೀಟರ್ ಮಳೆ. ಅದರ ಬಹುಪಾಲು ಜೂನಿನಿಂದ ಸಪ್ಟಂಬರಿನೊಳಗೇ ಸುರಿದುಬಿಡುವುದು. ಆಷಾಢದಲ್ಲಿ ಅಂಗಳದ ಹಗ್ಗದ ಮೇಲಣ ಪಂಚೆಯೇ ಮೂರು ದಿನಕ್ಕೂ ಒಣಗದಿರುವಾಗ ಕತ್ತಲೆಯಲ್ಲಿ ಅಡಗಿಸಿಟ್ಟ ಚಿಂದಿಯು ಒಣಗುವುದೆಂತು? ಆ ಹಸಿಯನ್ನೇ ಮರಳಿ ಉಪಯೋಗಿಸಿ ತಾಯಿಯವರು ತುರಿಕೆ, ಹುಣ್ಣುಗಳನ್ನು ಎಷ್ಟು ಮಳೆಗಾಲ ಸಹಿಸಿದರೋ! ವೈದ್ಯರೆದುರಿನಲ್ಲಿ ಅವರು ಒಮ್ಮೆಯೂ ಬಾಯಿ ಬಿಡಲಿಲ್ಲ. ತಪ್ಪು ಬಟ್ಟೆಯದಲ್ಲ, ಒಣಗಿಸಿದ ಸ್ಥಳದ್ದು.

ಆದುದರಿಂದಲೇ ಅಂಗಡಿಯ ಪ್ಯಾಡು ಬಂದಾಗ ಹೆಣ್ಣುಮಕ್ಕಳಿಗೆ ಅದು ಬಿಡುಗಡೆಯಾಗಿಯೇ ತೋರಿತು. ಶಾಲೆ ತಪ್ಪಲಿಲ್ಲ, ಬಸ್ಸಿನ ಪ್ರಯಾಣ ತಪ್ಪಲಿಲ್ಲ. ನಮ್ಮ ರಾಜ್ಯವು ೨೦೧೩–೧೪ರಿಂದ 'ಶುಚಿ' ಯೋಜನೆಯಲ್ಲಿ ಹುಡುಗಿಯರಿಗೆ ಅದನ್ನು ಪುಕ್ಕಟೆಯಾಗಿ ಹಂಚತೊಡಗಿದ್ದು ಉಪಕಾರವೇ ಸರಿ. ಅದನ್ನು ಬಳಸುವವರನ್ನು ದೂಷಿಸುವ ಹಕ್ಕು ಯಾರಿಗೂ ಇಲ್ಲ. ಆದರೆ ಸಾಮಾನ್ಯ ಪ್ಯಾಡಿನ ತಳಪದರವು ಪ್ಲಾಸ್ಟಿಕ್ಕು. ಕಕ್ಕಸಿನಲ್ಲಿ ಹಾಕಿದರೆ ಗುಂಡಿ ಕಟ್ಟುವುದು, ಒಲೆಗೆ ಹಾಕಿದರೆ ವಿಷದ ಹೊಗೆ, ಹಳ್ಳಕ್ಕೆ ಎಸೆದರೆ ಕಡಲು. ದಿನಕ್ಕೆ ಮೂರರಂತೆ ತಿಂಗಳಿಗೆ ಐದು ದಿನ ಲೆಕ್ಕ ಹಾಕಿರಿ: ವರ್ಷಕ್ಕೆ ೧೮೦, ಮೂವತ್ತೈದು ವರ್ಷಕ್ಕೆ ಒಬ್ಬಳಿಂದಲೇ ಆರು ಸಾವಿರಕ್ಕೂ ಹೆಚ್ಚು.

ಇದಕ್ಕೆ ಈಗ ಎರಡು ದಾರಿಗಳಿವೆ. ಒಂದು, ಮೆತ್ತನೆಯ ಸಿಲಿಕೋನಿನ ಮುಟ್ಟಿನ ಬಟ್ಟಲು. ಕೆಲವು ನೂರು ರೂಪಾಯಿಗೆ ದೊರೆಯುವ ಇದು ಸರಿಯಾಗಿ ನೋಡಿಕೊಂಡರೆ ಹತ್ತು ವರ್ಷದವರೆಗೂ ಬಾಳುವುದು. ಒಣಗಿಸುವ ಬಾಧೆಯಿಲ್ಲದಿರುವುದು ನಮ್ಮ ಮಳೆಸೀಮೆಗೆ ಇದರ ದೊಡ್ಡ ಗುಣ: ತಿಂಗಳಿಗೊಮ್ಮೆ ನೀರಿನಲ್ಲಿ ಕುದಿಸಿದರಾಯಿತು. ೨೦೧೯ರಲ್ಲಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ಎಂಬ ವೈದ್ಯಕೀಯ ಪತ್ರಿಕೆಯು ೪೩ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರೀಕ್ಷಿಸಿದ ಲೇಖನವನ್ನು ಪ್ರಕಟಿಸಿತು. ಬಟ್ಟಲು ಸುರಕ್ಷಿತವೆಂದೂ, ಉಪಯೋಗಿಸಿ ನೋಡಿದವರಲ್ಲಿ ಹತ್ತರಲ್ಲಿ ಏಳು ಮಂದಿ ಅದನ್ನೇ ಮುಂದುವರಿಸಲು ಬಯಸಿದರೆಂದೂ ಅದರಿಂದ ತಿಳಿದುಬಂದಿತು. ಕೇರಳದ ಎರ್ನಾಕುಲಂ ಜಿಲ್ಲೆಯ ಕುಂಬಳಂಗಿ ಗ್ರಾಮಪಂಚಾಯತಿಯು ಬಟ್ಟಲುಗಳನ್ನು ಹಂಚಿ, ೨೦೨೨ರ ಜನವರಿಯಲ್ಲಿ ಪ್ಯಾಡು ರಹಿತ ಪಂಚಾಯತಿಯೆನಿಸಿಕೊಂಡಿತು. ನಮ್ಮ ಸರಕಾರವೂ ದಕ್ಷಿಣ ಕನ್ನಡ, ಚಾಮರಾಜನಗರ ಜಿಲ್ಲೆಗಳಲ್ಲಿ ಪ್ರಯೋಗಾರ್ಥವಾಗಿ ಇದನ್ನು ಹಂಚಿತು. ಕೈಗೆ ರೂಢಿಯಾಗಲು ಎರಡು ಮೂರು ತಿಂಗಳು ಬೇಕು. ವಂಕಿ ಧರಿಸಿದವರು ಮೊದಲು ವೈದ್ಯರನ್ನು ಕೇಳಬೇಕು. ನನ್ನ ಸೊಸೆಗೆ ಇದು ಒಗ್ಗಿತು, ತಂಗಿಯ ಮಗಳಿಗೆ ಒಗ್ಗಲಿಲ್ಲ. ಬಲವಂತ ಸಲ್ಲದು.

ಇನ್ನೊಂದು ದಾರಿಯು ಬಟ್ಟೆಯದೇ, ಆದರೆ ಪದರವಿಟ್ಟು ಹೊಲಿದು ಗುಂಡಿ ಹಾಕಿದ ಬಟ್ಟೆ. ಮೊದಲು ತಣ್ಣೀರಿನಲ್ಲಿ ನೆನೆಯಿಡಬೇಕು. ಬಿಸಿನೀರಿನಲ್ಲಿ ಹಾಕಿದರೆ ಕಲೆ ನಿಲ್ಲುವುದು. ಸಾಬೂನಿನಿಂದ ಒಗೆದ ಮೇಲೆ ಬಿಸಿಲಿಗೇ ಹಾಕಬೇಕು. ಬಿಸಿಲಿಲ್ಲದ ತಿಂಗಳುಗಳಲ್ಲಿ ಬಚ್ಚಲೊಲೆಯ ಮೇಲಣ ಹಗ್ಗ. ಒಲೆಯಿಲ್ಲದವರು, ಬರಿಯ ನೂಲಿನ ಬಟ್ಟೆಯಾದರೆ, ಬಿಸಿ ಇಸ್ತ್ರಿಯನ್ನೂ ಹಾಕಬಹುದು.

ನಮ್ಮ ಮನೆಯಲ್ಲಿ ಈ ಹಗ್ಗದ ವಿಷಯಕ್ಕೇ ಚರ್ಚೆ ನಡೆಯಿತು. ತಂಗಿಯ ಮಗಳು ಕಾಲೇಜಿಗೆಂದು ನಮ್ಮಲ್ಲಿ ಬಂದು ಇದ್ದವಳು ತನ್ನ ಬಟ್ಟೆಗಳನ್ನು ಮಂಚದ ಕೆಳಗೆ ಹರವಿದ್ದಳು. ಅದನ್ನು ಕಂಡು ನನಗೆ ಕೊಟ್ಟಿಗೆಯ ಹಿಂಭಾಗ ನೆನಪಾಯಿತು. ಬಚ್ಚಲೊಲೆಯ ಮೇಲೆಯೇ ಹಾಕು ಎಂದೆ. ತೊಂಬತ್ತು ಸಮೀಪಿಸಿದ ನಮ್ಮ ಅತ್ತೆಯವರು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ, ಹೊಗೆ ತಾಗದಂತೆ ಹಗ್ಗವನ್ನು ತುಸು ಈಚೆಗೆ ಕಟ್ಟಿರೆಂದು ಅವರೇ ಹೇಳಿದರು. ಈಗ ಅವು ನಮ್ಮ ಯಜಮಾನರ ಬನಿಯನ್ನಿನ ಪಕ್ಕದಲ್ಲಿಯೇ ಒಣಗುವುವು.