ಅಂಚು ಕಾಣಬಾರದು

1907ರಲ್ಲಿ ಕ್ಯಾಲಿಫೋರ್ನಿಯಾದ ಹಳೆಯ ಮಿಷನ್ ಕಟ್ಟಡಗಳನ್ನು ಚಿತ್ರೀಕರಿಸಲು ಹೊರಟ ನಾರ್ಮನ್ ಡಾನ್‌ಗೆ ಎದುರಾದದ್ದು ಮಾಡು ಕುಸಿದ ಪಾಳು ಗೋಡೆಗಳು. ಆತ ಕ್ಯಾಮೆರಾದ ಮುಂದೆ ಗಾಜೊಂದನ್ನು ನಿಲ್ಲಿಸಿ, ಬಿದ್ದುಹೋದ ಭಾಗಗಳನ್ನು ಅದರ ಮೇಲೆ ಬಣ್ಣದಲ್ಲಿ ಬರೆದ. ಲೆನ್ಸಿನ ಮೂಲಕ ನೋಡಿದರೆ ಗಾಜಿನ ಮೇಲಿನ ಮಾಡು ನಿಜವಾದ ಗೋಡೆಯ ಮೇಲೆ ಪಕ್ಕಾ ಕೂತಿತ್ತು. ಷರತ್ತು ಒಂದೇ: ನಟರು ಬಣ್ಣದ ಗೆರೆಯೊಳಗೆ ಕಾಲಿಡುವಂತಿಲ್ಲ. ಇಟ್ಟರೆ ಚಿತ್ರದ ಹಿಂದೆ ಮಾಯ!

ಇಂದು ಕಂಪ್ಯೂಟರಿನಲ್ಲಿ ಬರೆದ ಕೋಟೆಯ ಮುಂದೆ, ಕಂಪ್ಯೂಟರಿನಲ್ಲೇ ಹುಟ್ಟಿದ ಪಾತ್ರ ಸಲೀಸಾಗಿ ಓಡಾಡುತ್ತದೆ. ನಡುವಿನ ಕಥೆಯೆಲ್ಲ ಆ ಗೆರೆಯನ್ನು ಅಳಿಸುವ ಸಾಹಸದ್ದೇ.

ಮೊದಲ ದೊಡ್ಡ ಜಿಗಿತ 1940ರ 'ದಿ ಥೀಫ್ ಆಫ್ ಬಾಗ್ದಾದ್'ನಲ್ಲಿ ಆಯಿತು. ಲ್ಯಾರಿ ಬಟ್ಲರ್ ನಟರನ್ನು ನೀಲಿ ಪರದೆಯ ಮುಂದೆ ಚಿತ್ರೀಕರಿಸಿ, ನೀಲಿಯನ್ನು ತೆಗೆದು ಬೇರೆ ಹಿನ್ನೆಲೆ ಕೂಡಿಸಿದರು. ಆದರೆ ಕೂದಲು, ಹೊಗೆ, ತೆಳುಬಟ್ಟೆ ಬಂದಲ್ಲೆಲ್ಲ ಈ ವಿಧಾನ ಸೋಲುತ್ತಿತ್ತು. ಅಂಚಿನಲ್ಲಿ ನೀಲಿ ಛಾಯೆ ಉಳಿದುಬಿಡುತ್ತಿತ್ತು. ಪೆಟ್ರೋ ವ್ಲಾಹೋಸ್ ಈ ತೊಡಕಿನ ಬೆನ್ನುಹತ್ತಿದರು. 1964ರ 'ಮೇರಿ ಪಾಪಿನ್ಸ್'ನಲ್ಲಿ ಬಳಕೆಯಾದ ಅವರ ಉಪಾಯದಲ್ಲಿ ಪರದೆಗೆ ಸೋಡಿಯಂ ದೀಪದ ಹಳದಿ ಬೆಳಕು ಬೀಳುತ್ತಿತ್ತು. ಕ್ಯಾಮೆರಾದೊಳಗಿನ ಪ್ರಿಸಂ ಆ ಹಳದಿಯನ್ನಷ್ಟೇ ಬೇರ್ಪಡಿಸಿ ಇನ್ನೊಂದು ಫಿಲ್ಮಿಗೆ ಕಳಿಸುತ್ತಿತ್ತು. ಹೀಗೆ ನಟರ ಚಿತ್ರವೂ ಅವರ ಆಕಾರದ ಅಚ್ಚೂ ಒಟ್ಟಿಗೇ ಸಿಗುತ್ತಿದ್ದವು. ಅದೇ ಚಿತ್ರಕ್ಕೆ ಪೀಟರ್ ಎಲೆನ್‌ಶಾ ಲಂಡನ್ ನಗರವನ್ನು ಕುಂಚದಲ್ಲೇ ಕಟ್ಟಿಕೊಟ್ಟರು.

ಪಾತ್ರವೇ ಕಂಪ್ಯೂಟರಿನಲ್ಲಿ ಹುಟ್ಟಿದರೆ? ಅಲ್ಲಿ ಪರದೆಯೂ ಇಲ್ಲ, ದೀಪವೂ ಇಲ್ಲ. 1977ರಲ್ಲಿ ನ್ಯೂಯಾರ್ಕ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿದ್ದ ಆಲ್ವಿ ರೇ ಸ್ಮಿತ್ ಮತ್ತು ಎಡ್ ಕ್ಯಾಟ್‌ಮುಲ್ ಇದಕ್ಕೆ ಉತ್ತರ ಕಂಡುಕೊಂಡರು. ಪ್ರತಿ ಪಿಕ್ಸೆಲ್‌ಗೆ ಕೆಂಪು, ಹಸಿರು, ನೀಲಿಯ ಮೂರು ಸಂಖ್ಯೆಗಳ ಜೊತೆ ನಾಲ್ಕನೆಯದೊಂದನ್ನು ಸೇರಿಸಿದರು: ಆ ಚುಕ್ಕೆ ಹಿಂದಿನದನ್ನು ಎಷ್ಟು ಮರೆಮಾಡುತ್ತದೆ ಎಂಬ ಲೆಕ್ಕ. ಅದೇ ಆಲ್ಫಾ. ಕೂದಲೆಳೆಯ ತುದಿ ಪಿಕ್ಸೆಲ್ಲಿನ ಕಾಲುಭಾಗವನ್ನಷ್ಟೇ ತುಂಬಿದ್ದರೆ, ಉಳಿದ ಮುಕ್ಕಾಲು ಪಾಲು ಹಿನ್ನೆಲೆಯದು. 1984ರಲ್ಲಿ ಲ್ಯೂಕಾಸ್‌ಫಿಲ್ಮ್‌ನ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ಈ ಬೆರಕೆಗೆ ಗಣಿತದ ನಿಯಮಗಳನ್ನು ಬರೆದರು. ನಾಲ್ವರಿಗೂ 1996ರಲ್ಲಿ ಆಸ್ಕರ್ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿ ಬಂತು.

1985ರ 'ಯಂಗ್ ಷರ್ಲಾಕ್ ಹೋಮ್ಸ್'ನಲ್ಲಿ ಚರ್ಚಿನ ಬಣ್ಣದ ಗಾಜಿನ ಕಿಟಕಿಯಿಂದ ಯೋಧನೊಬ್ಬ ಕತ್ತಿ ಹಿಡಿದು ಕೆಳಗಿಳಿಯುತ್ತಾನೆ. ಕಥಾಚಿತ್ರದಲ್ಲಿ ನೈಜ ದೃಶ್ಯದೊಳಗೆ ಬೆರೆತ, ಪೂರ್ತಿ ಕಂಪ್ಯೂಟರಿನದೇ ಆದ ಮೊದಲ ಪಾತ್ರವೆಂಬ ಹೆಸರು ಅವನದು. 1990ರಲ್ಲಿ ಫೋಟೊಶಾಪ್ ಮಾರುಕಟ್ಟೆಗೆ ಬಂತು. ಅದನ್ನು ರೂಪಿಸಿದ ಸಹೋದರರಲ್ಲಿ ಒಬ್ಬರಾದ ಜಾನ್ ನಾಲ್ ಸಿನಿಮಾ ಎಫೆಕ್ಟ್ಸ್ ಕಲಾವಿದರೇ. ಮುಂದಿನ ಕೆಲವೇ ವರ್ಷಗಳಲ್ಲಿ ಹಿನ್ನೆಲೆ ಬರೆಯುವ ಕೆಲಸವೂ ಕಂಪ್ಯೂಟರಿಗೆ ಬಂದು, ಗಾಜು, ಎಣ್ಣೆಬಣ್ಣ ಮೂಲೆ ಸೇರಿದವು.

ಅಂಚು ಬಗೆಹರಿದ ಮೇಲೆ ಬೆಳಕಿನ ಸರದಿ. ಅಂಚೆಷ್ಟೇ ನಯವಾಗಿದ್ದರೂ ಸಂಜೆಯ ಆಕಾಶದಡಿ ಮಧ್ಯಾಹ್ನದ ಬಿಸಿಲು ಹೊತ್ತ ಪಾತ್ರ ನಿಂತರೆ, ಪತ್ರಿಕೆಯಿಂದ ಕತ್ತರಿಸಿ ಅಂಟಿಸಿದ ಚಿತ್ರದಂತೆ ಕಾಣುತ್ತದೆ. ನಿಜವಾದ ಜಾಗದ ಬೆಳಕನ್ನು ಅಳೆದು ಕೃತಕ ವಸ್ತುವಿನ ಮೇಲೆ ಬೀಳಿಸುವ ದಾರಿಯನ್ನು 1998ರಲ್ಲಿ ಪಾಲ್ ಡೆಬೆವೆಕ್ ತೋರಿಸಿದರು. ಆದರೆ ಕಲಾವಿದ ಬರೆದ ದೃಶ್ಯದಲ್ಲಿ ಅಳೆಯಲು ಬೆಳಕೇ ಇರುವುದಿಲ್ಲ; ಆತ ಸೂರ್ಯನನ್ನು ಎಲ್ಲಿಟ್ಟಿದ್ದಾನೆಂದು ಚಿತ್ರವನ್ನೇ ನೋಡಿ ಊಹಿಸಬೇಕು. ಹಾಗಾಗಿ ಪಾತ್ರದ ಮೂಲಬಣ್ಣ, ಹೊಳಪು, ನೆರಳು, ದೂರದ ಅಳತೆ ಎಲ್ಲವನ್ನೂ ಬೇರೆ ಬೇರೆ ಪದರಗಳಾಗಿ ರೆಂಡರ್ ಮಾಡುತ್ತಾರೆ. ಪದರಗಳನ್ನು ಕೂಡಿಸುವ ಕಂಪೋಸಿಟರ್ ಅವನ್ನು ಒಂದೊಂದಾಗಿ ಹದಗೊಳಿಸುತ್ತಾರೆ. ದೂರದ ಪಾತ್ರದ ಕಪ್ಪು ಕಡುಗಪ್ಪಾಗಿ ಉಳಿಯಬಾರದು, ಮಂಜಿಗೆ ತಕ್ಕಂತೆ ಮಾಸಬೇಕು. ಪಾದ ನೆಲ ಮುಟ್ಟುವಲ್ಲಿ ನೆರಳು ಗಾಢವಾಗಬೇಕು. ಅದಿಲ್ಲದಿದ್ದರೆ ಪಾತ್ರ ತೇಲುತ್ತದೆ.

ಕನ್ನಡಿಗರಿಗೆ ಕಂಪ್ಯೂಟರ್ ಪಾತ್ರವನ್ನು ನಂಬಿಸುವ ಕಷ್ಟ ತಟ್ಟಿದ್ದು 2016ರ 'ನಾಗರಹಾವು' ಚಿತ್ರದಲ್ಲಿ. 2009ರಲ್ಲಿ ತೀರಿಕೊಂಡ ವಿಷ್ಣುವರ್ಧನ್ ಅವರನ್ನು ನಿರ್ದೇಶಕ ಕೋಡಿ ರಾಮಕೃಷ್ಣ ಅದರಲ್ಲಿ ಡಿಜಿಟಲ್ ರೂಪದಲ್ಲಿ ತೆರೆಗೆ ತಂದರು. ಅಪರಿಚಿತ ಪ್ರಾಣಿಯ ಮುಖದಲ್ಲಿ ಸಣ್ಣ ತಪ್ಪಿದ್ದರೆ ನಡೆದೀತು. ನಾಡಿಗೆ ನಾಡೇ ಬಲ್ಲ ಮುಖದಲ್ಲಿ ನಡೆಯದು. ಅದೇ ವರ್ಷ ತೆರೆಕಂಡ 'ದಿ ಜಂಗಲ್ ಬುಕ್' ಲಾಸ್ ಏಂಜಲೀಸಿನ ಸ್ಟುಡಿಯೊದಲ್ಲಿ ಚಿತ್ರೀಕರಣಗೊಂಡಿತು. ಅದರ ಪ್ರಾಣಿಗಳು, ಕಾಡಿನ ಬಹುಪಾಲು ಕಂಪ್ಯೂಟರಿನವು. ದೃಶ್ಯ ಪರಿಣಾಮಕ್ಕಾಗಿ ಅದಕ್ಕೆ ಆಸ್ಕರ್ ಸಿಕ್ಕಿತು. ಆ ಕೆಲಸದ ಒಂದು ಪಾಲು ನಡೆದದ್ದು ಬೆಂಗಳೂರಿನಲ್ಲಿ.