ಅರಿವನ್ನೇ ಅರಿಯುವ ಶಾಸ್ತ್ರ : ಆಯ್ಕೆ ಮತ್ತು ಪ್ರವೇಶದ ವಿಚಾರ

ಪ್ರೌಢಶಾಲೆಯನ್ನು ಮುಗಿಸಿದ ವಿದ್ಯಾರ್ಥಿಗಳು ಮುಂದೇನನ್ನು ಓದಬೇಕೆಂದು ಕೇಳಿದಾಗ ಅಧ್ಯಾಪಕರಾದ ನಾವು ಕೊಡುವ ಉತ್ತರ ಬಹುಮಟ್ಟಿಗೆ ಸಿದ್ಧವಾದುದು. ಗಣಿತದಲ್ಲಿ ಚುರುಕಾದವರಿಗೆ ಇಂಜಿನಿಯರಿಂಗ್, ಜೀವಶಾಸ್ತ್ರದಲ್ಲಿ ಒಲವುಳ್ಳವರಿಗೆ ವೈದ್ಯಕೀಯ, ಭಾಷೆಯಲ್ಲಿ ನಿಪುಣರಾದವರಿಗೆ ಶಿಕ್ಷಕ ತರಬೇತಿ. ಈ ಮೂರು ಬಗೆಯ ಬುದ್ಧಿಗೂ ಏಕಕಾಲದಲ್ಲಿ ಕೆಲಸ ಕೊಡುವ ವಿದ್ಯೆಯೊಂದು ಉಂಟೆಂಬುದು ನಮ್ಮಲ್ಲಿ ಹಲವರ ಗಮನಕ್ಕೆ ಬಂದಿಲ್ಲ. ಇಂಗ್ಲಿಷಿನಲ್ಲಿ ಅದಕ್ಕೆ ಕಾಗ್ನಿಟಿವ್ ಸೈನ್ಸ್ ಎಂದು ಹೆಸರು. ಕನ್ನಡದಲ್ಲಿ ಸಂಜ್ಞಾನ ವಿಜ್ಞಾನ ಎನ್ನಬಹುದು. ಅದರ ಸ್ವರೂಪವೇನು, ಕೊಡಗಿನ ವಿದ್ಯಾರ್ಥಿಯು ಅದನ್ನು ಹೇಗೆ ಆಯ್ದುಕೊಳ್ಳಬೇಕು, ಅದಕ್ಕೆ ನಾವು ಹೇಗೆ ನೆರವಾಗಬೇಕು ಎಂಬುದನ್ನು ಸಂಕ್ಷೇಪವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶ.

ಮನುಷ್ಯನು ಕಾಣುವುದು, ನೆನೆಯುವುದು, ಮಾತನಾಡುವುದು, ನಿರ್ಧರಿಸುವುದು ಹೇಗೆ? ಈ ಪ್ರಶ್ನೆ ನಮಗೆ ಹೊಸದೇನೂ ಅಲ್ಲ. ಪ್ರತ್ಯಕ್ಷ, ಅನುಮಾನ ಮೊದಲಾದ ಪ್ರಮಾಣಗಳನ್ನು ವಿಂಗಡಿಸಿದ ನೈಯಾಯಿಕರೂ, ಶಬ್ದಾರ್ಥಗಳ ಸಂಬಂಧವನ್ನು ಶೋಧಿಸಿದ ಭರ್ತೃಹರಿಯೂ, ಕನ್ನಡದಲ್ಲಿ ಶಬ್ದದ ಉತ್ಪತ್ತಿಯನ್ನು ವಿಚಾರಿಸಿದ ಕೇಶಿರಾಜನೂ ಇದೇ ದಾರಿಯಲ್ಲಿ ನಡೆದವರು. ಹೊಸದೆಂದರೆ ಪ್ರಯೋಗದ ವಿಧಾನ. ೧೯೫೬ರ ಸೆಪ್ಟೆಂಬರಿನಲ್ಲಿ ಅಮೆರಿಕೆಯ ಮೆಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ನಡೆದ ಗೋಷ್ಠಿಯೊಂದರಲ್ಲಿ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್, ಭಾಷಾಶಾಸ್ತ್ರಜ್ಞ ನೋಮ್ ಚಾಮ್‌ಸ್ಕಿ, ಗಣಕಯಂತ್ರದಿಂದ ತರ್ಕ ಮಾಡಿಸಿದ ನ್ಯೂವೆಲ್ ಮತ್ತು ಸೈಮನ್ ಇವರೆಲ್ಲರೂ ತಮ್ಮ ತಮ್ಮ ಸಂಶೋಧನೆಗಳನ್ನು ಮಂಡಿಸಿದರು. ಈ ಶಾಸ್ತ್ರದ ಹುಟ್ಟನ್ನು ಆ ಗೋಷ್ಠಿಯಿಂದ ಎಣಿಸುವುದು ವಾಡಿಕೆ. ಮನಶ್ಶಾಸ್ತ್ರ, ಭಾಷಾಶಾಸ್ತ್ರ, ಗಣಕವಿಜ್ಞಾನ, ನರವಿಜ್ಞಾನ, ತತ್ತ್ವಶಾಸ್ತ್ರಗಳ ಸಂಗಮವೇ ಸಂಜ್ಞಾನ ವಿಜ್ಞಾನ.

ಇದರ ಅಂಗಗಳು ನಮ್ಮ ನಾಡಿನಲ್ಲಿ ಬಹುಕಾಲದಿಂದ ಬೇರೂರಿವೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ೧೯೨೪ರಲ್ಲಿಯೇ ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು. ಅದನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿಯವರೇ ೧೯೩೫ರಲ್ಲಿ ತಮ್ಮ ಮನೆಯಿಂದ ಬಾನುಲಿಯನ್ನು ಪ್ರಸಾರ ಮಾಡಿ ಅದಕ್ಕೆ ‘ಆಕಾಶವಾಣಿ’ ಎಂಬ ಹೆಸರನ್ನು ಬಳಕೆಗೆ ತಂದವರು. ಅದೇ ಮೈಸೂರಿನಲ್ಲಿ ೧೯೬೫ರಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ, ೧೯೬೯ರಲ್ಲಿ ಭಾರತೀಯ ಭಾಷಾ ಸಂಸ್ಥಾನವೂ ಸ್ಥಾಪಿತವಾದುವು. ಬೆಂಗಳೂರಿನ ನಿಮ್ಹಾನ್ಸ್ ೧೯೭೪ರಲ್ಲಿ ರೂಪುಗೊಂಡಿತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನರವಿಜ್ಞಾನ ಕೇಂದ್ರ ೨೦೦೯ರಲ್ಲಿ ತೆರೆಯಿತು.

ಈ ಶಾಸ್ತ್ರಕ್ಕೂ ನಮ್ಮ ತರಗತಿಗೂ ಇರುವ ಸಂಬಂಧವನ್ನು ಒಂದು ನಿದರ್ಶನದಿಂದ ತಿಳಿಯಬಹುದು. ಇಂಗ್ಲಿಷ್ ಕಲಿಯುವ ಮಗು ೨೬ ಅಕ್ಷರಗಳಿಂದ ತೊಡಗುತ್ತದೆ. ಕನ್ನಡ ಕಲಿಯುವ ಮಗುವಾದರೋ ಕಾಗುಣಿತ, ಒತ್ತಕ್ಷರಗಳು ಸೇರಿ ನೂರಾರು ರೂಪಗಳನ್ನು ಗುರುತಿಸಬೇಕು. ಕರ್ನಾಟಕದ ಶಾಲಾಮಕ್ಕಳ ಓದನ್ನು ಪರೀಕ್ಷಿಸಿ ಸೊನಾಲಿ ನಾಗ್ ಅವರು ೨೦೦೭ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಅಕ್ಷರಜ್ಞಾನ ಒಂದೆರಡು ವರ್ಷಗಳಲ್ಲಿ ಮುಗಿಯದೆ ಮೇಲಿನ ತರಗತಿಗಳವರೆಗೂ ಮುಂದುವರಿಯುತ್ತದೆಂಬುದು ಕಂಡುಬಂದಿತು. ಹಾಗಾದರೆ ಮನೆಯಲ್ಲಿ ಕೊಡವ ತಕ್ಕನ್ನೋ ಅರೆಭಾಷೆಯನ್ನೋ ಯರವರ ನುಡಿಯನ್ನೋ ಆಡಿ, ಶಾಲೆಯಲ್ಲಿ ಕನ್ನಡವನ್ನು ಓದುವ ನಮ್ಮ ಮಗುವಿನ ಹೊರೆ ಎಷ್ಟು? ಒತ್ತಕ್ಷರದಲ್ಲಿ ಎಡವಿದ ಮಗುವನ್ನು ದಡ್ಡನೆಂದು ಹಿಂದಿನ ಬೆಂಚಿಗೆ ಕಳುಹಿಸುವ ಮುನ್ನ ಉತ್ತರಿಸಬೇಕಾದ ಪ್ರಶ್ನೆಯಿದು. ಇದನ್ನು ಸಮರ್ಥವಾಗಿ ಶೋಧಿಸಬಲ್ಲವರು ಈ ನುಡಿಗಳ ನಡುವೆಯೇ ಬೆಳೆದವರು. ನಾಲ್ಕು ಭಾಷೆಗಳನ್ನಾಡುವ ಹಳ್ಳಿಯ ಹುಡುಗಿಗೆ ಈ ಶಾಸ್ತ್ರದಲ್ಲಿ ಅದು ಕೊರತೆಯಲ್ಲ, ಬಂಡವಾಳ.

ಇನ್ನು ಆಯ್ಕೆಯ ಮಾತು. ಮೊದಲು ಪ್ರಶ್ನೆಯನ್ನು ಆಯಬೇಕು, ಬಳಿಕ ಪದವಿಯನ್ನು. ಮಾತು ತಡವಾದ ಮಕ್ಕಳಿಗೆ ನೆರವಾಗಬೇಕೆಂಬ ವಿದ್ಯಾರ್ಥಿಗೆ ವಾಕ್ ಶ್ರವಣ ಶಾಸ್ತ್ರದ ಪದವಿ ಯೋಗ್ಯ, ಅದಕ್ಕೆ ಪಿ.ಯು.ಸಿ.ಯಲ್ಲಿ ವಿಜ್ಞಾನ ಬೇಕು. ಯಂತ್ರವು ಭಾಷೆಯನ್ನು ಹೇಗೆ ಗ್ರಹಿಸುತ್ತದೆಂದು ತಿಳಿಯಬಯಸುವವರಿಗೆ ಗಣಿತ, ಗಣಕವಿಜ್ಞಾನಗಳು ಅವಶ್ಯ. ಸ್ಮರಣೆ, ಕಲಿಕೆಗಳಲ್ಲಿ ಕುತೂಹಲವುಳ್ಳವರು ಮನಶ್ಶಾಸ್ತ್ರವನ್ನು ಹಿಡಿಯಬಹುದು. ಕಲಾವಿಭಾಗದವರೂ ಮನಶ್ಶಾಸ್ತ್ರ, ತರ್ಕಶಾಸ್ತ್ರ, ಸಂಖ್ಯಾಶಾಸ್ತ್ರಗಳಲ್ಲಿ ದೊರೆಯುವುದನ್ನು ಬಿಡದೆ ಓದಲಿ. ಅಂಕಿ ಅಂಶಗಳಿಗೆ ಅಂಜುವವರಿಗೆ ಈ ದಾರಿ ಮುಂದೆ ಕಡಿದಾಗುತ್ತದೆ.

ಸಂಜ್ಞಾನ ವಿಜ್ಞಾನ ಎಂಬ ಹೆಸರಿನಲ್ಲಿಯೇ ವ್ಯಾಸಂಗ ದೊರೆಯುವುದು ನಮ್ಮ ದೇಶದಲ್ಲಿ ಮುಖ್ಯವಾಗಿ ಸ್ನಾತಕೋತ್ತರ ಮಟ್ಟದಲ್ಲಿ. ಅಲಹಾಬಾದ್ ವಿಶ್ವವಿದ್ಯಾಲಯದ ಕೇಂದ್ರ ೨೦೦೨ರಲ್ಲಿ ಆರಂಭವಾದುದು. ಗಾಂಧಿನಗರ ಮತ್ತು ದೆಹಲಿಯ ಐ.ಐ.ಟಿ.ಗಳು, ಹೈದರಾಬಾದ್ ವಿಶ್ವವಿದ್ಯಾಲಯ ಇವುಗಳಲ್ಲಿಯೂ ಇಂಥ ವ್ಯಾಸಂಗವುಂಟು. ಸಂಸ್ಥೆಯ ಕೀರ್ತಿಯೊಂದನ್ನೇ ನೋಡಬಾರದು. ಅಲ್ಲಿನ ಪ್ರಾಧ್ಯಾಪಕರು ಯಾವ ವಿಷಯದಲ್ಲಿ ಸಂಶೋಧನೆ ನಡೆಸುತ್ತಿದ್ದಾರೆ, ಯಾವ ಪದವಿಯವರಿಗೆ ಅರ್ಹತೆಯಿದೆ, ಪ್ರಯೋಗಶಾಲೆಯಿದೆಯೆ, ವಿದ್ಯಾರ್ಥಿವೇತನವೆಷ್ಟು ಎಂಬುದನ್ನು ಆಯಾ ವರ್ಷದ ಪ್ರಕಟಣೆಯಿಂದಲೇ ತಿಳಿಯಬೇಕು. ಇಂಜಿನಿಯರಿಂಗ್‌ನಂತೆ ಸಿದ್ಧ ಉದ್ಯೋಗ ಇಲ್ಲಿ ಕಾದಿರುವುದಿಲ್ಲವೆಂಬುದನ್ನೂ ತಂದೆತಾಯಿಗಳಿಗೆ ಮರೆಮಾಚದೆ ಹೇಳಬೇಕು. ಸಂಶೋಧನೆ, ಅಧ್ಯಾಪನ, ಚಿಕಿತ್ಸಾಲಯ, ಭಾಷಾತಂತ್ರಜ್ಞಾನ ಇವು ಈ ವಿದ್ಯೆಯ ಮುಂದಿನ ಬಾಗಿಲುಗಳು; ಅಲ್ಲಿಗೆ ಸೇರಲು ತಾಳ್ಮೆ ಬೇಕು.

ಅರ್ಜಿಯ ವಿಷಯದಲ್ಲಿ ಮೂರು ಎಚ್ಚರಿಕೆಗಳು. ಮೊದಲನೆಯದು ದಿನಾಂಕ. ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿ ತರಗತಿಗಳಿಗೆ ೨೦೨೨ರಿಂದ ಸಾಮಾನ್ಯ ಪ್ರವೇಶ ಪರೀಕ್ಷೆ ಬಂದಿದೆ. ಅದನ್ನು ಕನ್ನಡದಲ್ಲಿಯೂ ಬರೆಯಬಹುದು. ಇಂಥ ಪರೀಕ್ಷೆಗಳ ಅರ್ಜಿಯ ಗಡುವು ಅಂತಿಮ ಫಲಿತಾಂಶಕ್ಕಿಂತ ಮೊದಲೇ ಮುಗಿಯುವುದುಂಟಾದ್ದರಿಂದ ಅಂಕಪಟ್ಟಿಗಾಗಿ ಕಾದು ಕುಳಿತವರು ವರ್ಷವನ್ನೇ ಕಳೆದುಕೊಳ್ಳುತ್ತಾರೆ. ಮುಂಗಾರು ತೊಡಗಿದರೆ ನಮ್ಮಲ್ಲಿ ವಿದ್ಯುತ್ತು, ದೂರವಾಣಿ, ರಸ್ತೆ ಮೂರೂ ಕೈಕೊಡಬಹುದೆಂಬುದನ್ನು ೨೦೧೮ರ ಆಗಸ್ಟ್ ತಿಂಗಳನ್ನು ಕಂಡ ಯಾರಿಗೂ ಹೇಳಬೇಕಾಗಿಲ್ಲ. ಆದುದರಿಂದ ಕೊನೆಯ ದಿನಕ್ಕೆ ಯಾವುದನ್ನೂ ಉಳಿಸಬಾರದು. ಎರಡನೆಯದು ಉದ್ದೇಶಪತ್ರ. ಕೆಲವು ಸಂಸ್ಥೆಗಳು ಇದನ್ನು ಕೇಳುತ್ತವೆ. ‘ಬಾಲ್ಯದಿಂದಲೂ ಆಸಕ್ತಿ’ ಎಂಬ ಹುಸಿಮಾತಿಗಿಂತ, ತಾನು ಕಂಡ ಒಂದು ಸಂಗತಿ, ಅದರಿಂದ ಹುಟ್ಟಿದ ಒಂದು ಪ್ರಶ್ನೆ, ಓದಿದ ಒಂದು ಗ್ರಂಥ ಇವಿಷ್ಟನ್ನು ನೇರವಾಗಿ ಬರೆದರೆ ಸಾಕು. ಮೂರನೆಯದು ಗುರುಗಳ ಶಿಫಾರಸು. ‘ಸದ್ವರ್ತನೆಯುಳ್ಳವನು’ ಎಂಬ ಒಂದೇ ಸಾಲು ಯಾರಿಗೂ ಉಪಕಾರವಾಗದು; ವಿದ್ಯಾರ್ಥಿಯು ಮಾಡಿದ ಒಂದು ಕೆಲಸವನ್ನು ಹೆಸರಿಸಿ ಬರೆಯುವುದು ಅಧ್ಯಾಪಕರ ಕರ್ತವ್ಯ.

ಕಡೆಯದಾಗಿ ದಾನಿಗಳಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ಒಂದು ವಿಜ್ಞಾಪನೆ. ಕೊಡಗಿನಲ್ಲಿ ರೈಲುಮಾರ್ಗವಿಲ್ಲ. ಸಂದರ್ಶನಕ್ಕಾಗಿ ದೂರದ ನಗರಕ್ಕೆ ಹೋಗಬೇಕಾದ ತೋಟದ ಕಾರ್ಮಿಕರ ಮಗನಿಗೆ ಪ್ರಯಾಣದ ವೆಚ್ಚ, ಎರಡು ದಿನದ ವಸತಿ, ನಾಲ್ಕಾರು ಅರ್ಜಿಗಳ ಶುಲ್ಕ ಇವೇ ಬೆಟ್ಟವಾಗುತ್ತವೆ. ಪದವಿ ಪಡೆದವರಿಗೆ ಪಾರಿತೋಷಕ ಕೊಡುವುದು ಶ್ಲಾಘ್ಯವೇ ಸರಿ; ಆದರೆ ಬಾಗಿಲವರೆಗೆ ಹೋಗಲಾರದವರನ್ನು ಅಲ್ಲಿಗೆ ಮುಟ್ಟಿಸುವ ಸಣ್ಣ ನೆರವು ಅದಕ್ಕಿಂತ ಮುಂಚಿತವಾಗಿ ಬೇಕಾದುದು. ಹಾಗೆಯೇ ಆ ಸಂಸ್ಥೆಗಳಿರುವ ನಗರಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು ಒಂದು ರಾತ್ರಿಯ ಆಶ್ರಯವನ್ನೂ ನಾಲ್ಕು ತಿಳಿವಳಿಕೆಯ ಮಾತನ್ನೂ ಕೊಟ್ಟರೆ ಅದೇ ದೊಡ್ಡ ದಾನ. ನಮ್ಮ ಮಕ್ಕಳು ಕಲಿಯುವ ಬಗೆಯನ್ನು ನಮ್ಮ ಮಕ್ಕಳೇ ಶೋಧಿಸಿ, ಆ ತಿಳಿವನ್ನು ಮರಳಿ ನಮ್ಮ ತರಗತಿಗಳಿಗೆ ತರುವ ದಿನ ಬೇಗನೆ ಬರಲೆಂದು ಹಾರೈಸುತ್ತೇನೆ.